ಪಾಠದ ನಡುವೆ ಒಂದು ಹೊರಸಂಚಾರ: ಪ್ರಾಥಮಿಕ ತರಗತಿಗಳ ಶಿಕ್ಷಕರಿಗೆ ಕೈಪಿಡಿ

ವರ್ಷದ ಕೊನೆಯಲ್ಲಿ, ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಬಸ್ಸು ಮಾಡಿಕೊಂಡು ದೂರದ ಊರಿಗೆ ಹೋಗಿಬರುವ ಪ್ರವಾಸಕ್ಕೆ ಅದರದೇ ಆದ ಸಂತೋಷವಿದೆ. ಅದನ್ನು ಬೇಡವೆನ್ನಲು ಯಾರಿಗೂ ಮನಸ್ಸಾಗದು. ಆದರೆ ಆ ಪ್ರವಾಸದಿಂದ ತರಗತಿಯ ಕಲಿಕೆಗೆ ದಕ್ಕುವುದು ಕಡಿಮೆ, ಏಕೆಂದರೆ ಆ ಹೊತ್ತಿಗೆ ಪಾಠಗಳು ಮುಗಿದಿರುತ್ತವೆ ಮತ್ತು ನೋಡಿ ಬಂದದ್ದರ ಬಗ್ಗೆ ಮಾತನಾಡಲು ತರಗತಿಯೇ ಇರುವುದಿಲ್ಲ. ಈ ಬರಹ ಬೇರೊಂದು ಬಗೆಯ ಹೊರಸಂಚಾರವನ್ನು ಕುರಿತದ್ದು: ಪಾಠವೊಂದು ಅರ್ಧ ನಡೆದಿರುವಾಗ, ಆ ಪಾಠವೇ ಎಬ್ಬಿಸಿದ ಒಂದು ಪ್ರಶ್ನೆಯನ್ನು ಹಿಡಿದುಕೊಂಡು, ಸಾಧ್ಯವಾದಷ್ಟು ಹತ್ತಿರದ ಜಾಗಕ್ಕೆ ಹೋಗಿ, ಮರುದಿನ ಅದೇ ಪಾಠಕ್ಕೆ ಮರಳುವ ಸಂಚಾರ.

ಹೊರಗೆ ಹೋಗಿಬಂದದ್ದು ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ನಡೆಯುವ ಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಜಾನ್ ಫಾಕ್ ಮತ್ತು ಲಿನ್ ಡಿಯರ್ಕಿಂಗ್ ಅವರು ನಾಲ್ಕನೆಯ ತರಗತಿಯವರು, ಎಂಟನೆಯ ತರಗತಿಯವರು ಮತ್ತು ವಯಸ್ಕರು ಸೇರಿ 128 ಮಂದಿಯನ್ನು ಮಾತನಾಡಿಸಿ, ಚಿಕ್ಕಂದಿನ ಶಾಲಾ ಪ್ರವಾಸಗಳ ಬಗ್ಗೆ ಕೇಳಿ, 1997ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡಾ 96ರಷ್ಟು ಮಂದಿಗೆ ಒಂದಾದರೂ ಪ್ರವಾಸ ನೆನಪಿತ್ತು. ಆದರೆ ನೆನಪಾದದ್ದೆಲ್ಲ ತಿಳಿವಳಿಕೆಯಾಗುವುದಿಲ್ಲ. ಬಸ್ಸಿನ ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳವಾಡಿದ್ದೂ ನೆನಪೇ. ನೆನಪನ್ನು ಪಾಠಕ್ಕೆ ಕಟ್ಟಿಹಾಕುವ ಕೆಲಸ ಹೊರಡುವ ಮುಂಚಿನ ವಾರದಲ್ಲಿ ಮತ್ತು ಹಿಂದಿರುಗಿದ ನಂತರದ ವಾರದಲ್ಲಿ ನಡೆಯಬೇಕು. ಆದ್ದರಿಂದ ಈ ಕೈಪಿಡಿಯಲ್ಲಿ ಹೋದ ದಿನಕ್ಕಿಂತ ಅದರ ಹಿಂದುಮುಂದಿನ ದಿನಗಳಿಗೇ ಹೆಚ್ಚು ಜಾಗ ಸಿಕ್ಕಿದೆ.

ಪ್ರಶ್ನೆ ಮೊದಲು, ಜಾಗ ಆಮೇಲೆ

ಸಾಮಾನ್ಯವಾಗಿ ನಾವು ಜಾಗವನ್ನು ಗೊತ್ತುಮಾಡಿಕೊಂಡು, ಆಮೇಲೆ ಅದಕ್ಕೊಂದು ಉದ್ದೇಶವನ್ನು ಬರೆಯುತ್ತೇವೆ. ಈ ಕ್ರಮವನ್ನು ತಿರುಗಿಸಿದರೆ ಅರ್ಧ ಕೆಲಸ ಆದಂತೆಯೇ. ನಡೆಯುತ್ತಿರುವ ಪಾಠವನ್ನು ಮುಂದಿಟ್ಟುಕೊಂಡು, ಇದರಲ್ಲಿ ತರಗತಿಯ ಗೋಡೆಗಳ ಒಳಗೆ ಉತ್ತರ ಸಿಗದ ಪ್ರಶ್ನೆ ಯಾವುದು ಎಂದು ಶಿಕ್ಷಕರು ತಮ್ಮನ್ನೇ ಕೇಳಿಕೊಳ್ಳಬೇಕು. ‘ಸಸ್ಯಗಳನ್ನು ವೀಕ್ಷಿಸುವುದು’ ಎಂಬುದು ಉದ್ದೇಶವೂ ಅಲ್ಲ, ಪ್ರಶ್ನೆಯೂ ಅಲ್ಲ. ‘ಒಂದೇ ಜಾತಿಯ ಗಿಡ ನೆರಳಿನಲ್ಲಿ ಬೆಳೆದಾಗ ಮತ್ತು ಬಿಸಿಲಿನಲ್ಲಿ ಬೆಳೆದಾಗ ಅದರ ಎಲೆಗಳಲ್ಲಿ ಏನು ವ್ಯತ್ಯಾಸ?’ ಎಂಬುದು ಪ್ರಶ್ನೆ, ಏಕೆಂದರೆ ಇದಕ್ಕೆ ಉತ್ತರ ಹುಡುಕುವ ಮಗು ಎಲೆಯನ್ನು ಮುಟ್ಟಬೇಕಾಗುತ್ತದೆ, ಅಳೆಯಬೇಕಾಗುತ್ತದೆ, ಪಕ್ಕದ ಗುಂಪಿನವರು ತಂದ ಅಳತೆಯೊಡನೆ ಹೋಲಿಸಬೇಕಾಗುತ್ತದೆ. ನೆರಳಿನ ಎಲೆಗಳು ಸಾಮಾನ್ಯವಾಗಿ ಅಗಲವಾಗಿಯೂ ತೆಳುವಾಗಿಯೂ ಇರುತ್ತವೆ ಎಂಬುದನ್ನು ಶಿಕ್ಷಕರು ಮೊದಲೇ ಹೇಳಿಬಿಟ್ಟರೆ ಹೊರಗೆ ಹೋಗುವ ಕಾರಣವೇ ಇಲ್ಲವಾಗುತ್ತದೆ. ಆ ಮಾತನ್ನು ಹೇಳದೆ ಇಟ್ಟುಕೊಳ್ಳುವುದೂ ಸಿದ್ಧತೆಯ ಒಂದು ಭಾಗ.

ಒಳ್ಳೆಯ ಪ್ರಶ್ನೆಯನ್ನು ಗುರುತಿಸಲು ಮೂರು ಪರೀಕ್ಷೆಗಳು ಸಾಕು. ಅದರ ಉತ್ತರ ಪಠ್ಯಪುಸ್ತಕದಲ್ಲಿ ಇರಬಾರದು. ನೋಡಿ, ಎಣಿಸಿ, ಅಳೆದು ಅಥವಾ ಅಲ್ಲಿರುವ ಒಬ್ಬರನ್ನು ಕೇಳಿ ಅದನ್ನು ಕಂಡುಕೊಳ್ಳಲು ಸಾಧ್ಯವಿರಬೇಕು. ಕೊನೆಯದಾಗಿ, ಬೇರೆಬೇರೆ ಗುಂಪುಗಳು ಬೇರೆಬೇರೆ ಉತ್ತರಗಳೊಡನೆ ಮರಳುವ ಅವಕಾಶ ಅದರಲ್ಲಿರಬೇಕು, ಏಕೆಂದರೆ ಎಲ್ಲರ ಉತ್ತರವೂ ಒಂದೇ ಆಗುವುದಾದರೆ ಮರುದಿನ ತರಗತಿಯಲ್ಲಿ ಮಾತನಾಡಲು ಏನೂ ಉಳಿಯುವುದಿಲ್ಲ. ಸಂಪರ್ಕ ಮಾಧ್ಯಮಗಳ ಪಾಠ ನಡೆಯುತ್ತಿದ್ದರೆ, ‘ಅಂಚೆ ಪೆಟ್ಟಿಗೆಗೆ ಬಿದ್ದ ಒಂದು ಕಾಗದ ವಿಳಾಸದಾರನನ್ನು ತಲಪುವ ಮೊದಲು ಎಷ್ಟು ಜನರ ಕೈ ದಾಟುತ್ತದೆ?’ ಎಂಬ ಪ್ರಶ್ನೆ ಈ ಮೂರು ಪರೀಕ್ಷೆಗಳನ್ನೂ ಗೆಲ್ಲುತ್ತದೆ. ಪ್ರತಿ ಮಗುವೂ ಶಾಲೆಯ ವಿಳಾಸಕ್ಕೆ ತನ್ನದೇ ಹೆಸರಿಗೆ ಒಂದು ಕಾಗದ ಬರೆದುಕೊಂಡು ಹೋಗಲಿ. ಅಂಚೆ ಕಚೇರಿಯಲ್ಲಿ ಚೀಟಿಯ ಮೇಲೆ ಮುದ್ರೆ ಬೀಳುವುದನ್ನೂ ಕಾಗದಗಳು ಊರೂರಿಗೆ ಬೇರೆಯಾಗುವುದನ್ನೂ ನೋಡಿ ಬಂದ ಮಗುವಿಗೆ, ಕೆಲವು ದಿನಗಳ ನಂತರ ಅದೇ ಕಾಗದ ಶಾಲೆಯ ಬಾಗಿಲಿಗೆ ಬಂದಾಗ, ಮುದ್ರೆಯ ಮೇಲಿನ ದಿನಾಂಕವೇ ಒಂದು ಪಾಠವಾಗುತ್ತದೆ. ಕೆಲವರ ಕಾಗದ ಮೊದಲು ಬಂದು ಕೆಲವರದು ತಡವಾಗಿ ಬಂದರೆ ಇನ್ನೂ ಒಳ್ಳೆಯದು. ಏಕೆ ಹೀಗಾಯಿತು ಎಂಬ ಚರ್ಚೆಗೆ ಶಿಕ್ಷಕರು ಬೇರೆ ಪೀಠಿಕೆ ಹಾಕಬೇಕಾಗಿಲ್ಲ.

ಪ್ರಶ್ನೆ ಗೊತ್ತಾದ ಮೇಲೆ ಜಾಗವನ್ನು ಶಾಲೆಯ ಗೇಟಿನಿಂದ ಹೊರಗಿನ ಕಡೆಗೆ ಹುಡುಕುತ್ತ ಹೋಗಬೇಕು. ಆವರಣದ ಮರ, ಪಕ್ಕದ ಬೀದಿ, ನಡೆದು ಹೋಗಬಹುದಾದ ಕೆರೆ ಅಥವಾ ಕಾರ್ಯಾಗಾರ, ಇವುಗಳಲ್ಲಿ ಯಾವುದರಿಂದಲೂ ಉತ್ತರ ಸಿಗದಿದ್ದರೆ ಮಾತ್ರ ವಾಹನದ ಮಾತು ಬರಬೇಕು. ಇದು ಹಣ ಉಳಿಸುವ ಉಪಾಯವಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಹತ್ತಿರದ ಜಾಗದ ದೊಡ್ಡ ಅನುಕೂಲವೆಂದರೆ ಅಲ್ಲಿಗೆ ಎರಡನೆಯ ಸಲವೂ ಹೋಗಬಹುದು. ಸ್ವಿಟ್ಜರ್ಲೆಂಡಿನ ಇವರ್ಡೋನ್ ಎಂಬಲ್ಲಿ 1805ರಿಂದ 1825ರವರೆಗೆ ಶಾಲೆ ನಡೆಸಿದ ಶಿಕ್ಷಣತಜ್ಞ ಯೋಹಾನ್ ಹೈನ್ರಿಷ್ ಪೆಸ್ಟಲೋಜಿಯ ವಿದ್ಯಾರ್ಥಿಯೊಬ್ಬರು ಬರೆದಿಟ್ಟ ನೆನಪುಗಳಲ್ಲಿ ಇದರ ಚಂದದ ನಿದರ್ಶನವಿದೆ. ಭೂಗೋಳದ ಮೊದಲ ಪಾಠಕ್ಕೆ ಮಕ್ಕಳನ್ನು ಹತ್ತಿರದ ಒಂದು ಕಿರಿದಾದ ಕಣಿವೆಗೆ ಕರೆದೊಯ್ದರು. ಮೊದಲು ಇಡೀ ಕಣಿವೆಯನ್ನು ನೋಡಿ, ಆಮೇಲೆ ಅದರ ವಿವರಗಳನ್ನು ಗಮನಿಸಿ, ಅಲ್ಲಿನ ಜೇಡಿಮಣ್ಣನ್ನು ಹೊತ್ತುಕೊಂಡು ಮಕ್ಕಳು ಶಾಲೆಗೆ ಮರಳಿದರು. ಮೇಜಿನ ಮೇಲೆ ತಾವು ಕಂಡ ಕಣಿವೆಯನ್ನು ಆ ಮಣ್ಣಿನಲ್ಲೇ ಮಾಡತೊಡಗಿದರು. ಮುಂದಿನ ದಿನಗಳಲ್ಲಿ ಮತ್ತೆ ಮತ್ತೆ ಹೋಗಿಬಂದು, ಪ್ರತಿ ಸಲವೂ ಇನ್ನಷ್ಟು ಎತ್ತರದಿಂದ ನೋಡಿ, ಮಣ್ಣಿನ ಕಣಿವೆಗೆ ಹೊಸ ಭಾಗವನ್ನು ಸೇರಿಸುತ್ತ ಹೋದರು. ಅದೆಲ್ಲ ಮುಗಿದ ಮೇಲಷ್ಟೇ ಅವರಿಗೆ ಭೂಪಟವನ್ನು ತೋರಿಸಲಾಯಿತು, ಆ ಹೊತ್ತಿಗೆ ಅದನ್ನು ಓದುವ ಶಕ್ತಿ ಅವರಿಗೆ ಬಂದಿತ್ತು. ಭೂಪಟದ ಪಾಠ ಕಲಿಸುವ ಯಾವ ಶಿಕ್ಷಕರೂ ಇಂದಿಗೂ ಇದೇ ಕ್ರಮವನ್ನು ಅನುಸರಿಸಬಹುದು. ಕಣಿವೆ ಇಲ್ಲದ ಕಡೆ ಶಾಲೆಯ ಹಿಂದಿನ ದಿಬ್ಬವೋ ಮಳೆನೀರು ಹರಿದು ಕೊರೆದ ಓಣಿಯೋ ಇದ್ದರೆ ಸಾಕು.

ಶಿಕ್ಷಕರ ಮುನ್ಭೇಟಿ

ತಾವು ನೋಡದ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯಬಾರದು. ಮುನ್ಭೇಟಿಯನ್ನು ಸಾಧ್ಯವಾದರೆ ಮಕ್ಕಳು ಹೋಗಲಿರುವ ವಾರದ ಅದೇ ದಿನ, ಅದೇ ಹೊತ್ತಿಗೆ ಮಾಡಬೇಕು, ಏಕೆಂದರೆ ಬೆಳಗ್ಗೆ ಹತ್ತಕ್ಕೆ ನೆರಳಿದ್ದ ಜಗುಲಿಯಲ್ಲಿ ಮಧ್ಯಾಹ್ನ ಸುಡುಬಿಸಿಲು ಇರಬಹುದು, ಸಂತೆಯ ದಿನ ಖಾಲಿ ರಸ್ತೆಯೇ ದಾಟಲಾಗದಷ್ಟು ತುಂಬಿರಬಹುದು. ಶೌಚಾಲಯ, ಕುಡಿಯುವ ನೀರು, ಮಕ್ಕಳೆಲ್ಲ ಒಟ್ಟಿಗೆ ಕುಳಿತು ಬರೆಯಬಹುದಾದ ಜಾಗ, ವಾಹನ ನಿಲ್ಲುವ ಕಡೆ, ಒಳಗೆ ಹೋಗುವ ಮತ್ತು ಹೊರಗೆ ಬರುವ ದಾರಿ, ಇವನ್ನು ಬರೆದುಕೊಂಡು ಬರುವುದು ರೂಢಿಯ ಕೆಲಸ. ಇವುಗಳ ಜೊತೆಗೆ, ಯಾರೂ ನೋಡದಿರುವಾಗ ಒಮ್ಮೆ ಮಂಡಿಯೂರಿ ಏಳು ವರ್ಷದ ಮಗುವಿನ ಕಣ್ಣಿನ ಎತ್ತರದಿಂದ ಸುತ್ತ ನೋಡಬೇಕು. ನಮಗೆ ಸೊಗಸಾಗಿ ಕಾಣುವ ಗಾಜಿನ ಪೆಟ್ಟಿಗೆಯೊಳಗಿನ ವಸ್ತು ಆ ಎತ್ತರದಿಂದ ಬರಿಯ ಮರದ ಅಂಚಾಗಿ ಕಾಣಬಹುದು. ನಾವು ಗಮನಿಸದ ನೀರಿನ ಕೊಳವೆ, ಗೂಡು, ಯಂತ್ರದ ಕೆಳಭಾಗ ಮಗುವಿನ ಕಣ್ಣಿಗೆ ನೇರವಾಗಿ ಬೀಳಬಹುದು.

ಅಲ್ಲಿ ಮಕ್ಕಳೊಡನೆ ಮಾತನಾಡಲಿರುವ ವ್ಯಕ್ತಿಯನ್ನು ಭೇಟಿಯಾಗುವುದು ಮುನ್ಭೇಟಿಯ ಇನ್ನೊಂದು ಕೆಲಸ. ಸಂಸ್ಥೆಗಳು ಗೌರವದಿಂದ ತಮ್ಮ ಹಿರಿಯ ಅಧಿಕಾರಿಯನ್ನೇ ಮುಂದೆ ನಿಲ್ಲಿಸುತ್ತವೆ. ಅವರು ಅರ್ಧ ಗಂಟೆ ಭಾಷಣ ಮಾಡುತ್ತಾರೆ. ಕೈಯಾರೆ ಕೆಲಸ ಮಾಡುವವರನ್ನು, ಅಂದರೆ ಕಾಗದಗಳನ್ನು ಬೇರ್ಪಡಿಸುವವರನ್ನು, ಗಿಡಗಳಿಗೆ ಕಸಿ ಕಟ್ಟುವವರನ್ನು, ನೀರಿನ ಪಂಪು ನಡೆಸುವವರನ್ನು ಮಕ್ಕಳ ಎದುರಿಗೆ ತರುವಂತೆ ವಿನಯದಿಂದ ಕೇಳಿಕೊಳ್ಳಬೇಕು. ಮಕ್ಕಳು ಈಗಾಗಲೇ ಏನನ್ನು ಕಲಿತಿದ್ದಾರೆ, ಯಾವ ಪ್ರಶ್ನೆಯೊಡನೆ ಬರುತ್ತಿದ್ದಾರೆ ಎಂಬುದನ್ನು ಅವರಿಗೆ ತಿಳಿಸಿ, ಒಂದೇ ಸಮನೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತನಾಡದೆ ಕೆಲಸವನ್ನು ಮಾಡಿ ತೋರಿಸಿದರೆ ಸಾಕೆಂದು ಹೇಳಬೇಕು. ‘ನನಗೆ ಮಾತಾಡಲು ಬರುವುದಿಲ್ಲ’ ಎಂದು ಹಿಂಜರಿಯುವವರೇ ಎಷ್ಟೋ ಸಲ ಒಳ್ಳೆಯ ಗುರುಗಳಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಹೊಸ ಜಾಗದ ಗಾಬರಿಯನ್ನು ತರಗತಿಯಲ್ಲೇ ಕಳೆಯಿರಿ

ಪರಿಚಯವಿಲ್ಲದ ಜಾಗಕ್ಕೆ ಹೋದ ಮಗು ಮೊದಲು ಆ ಜಾಗವನ್ನು ಅರ್ಥಮಾಡಿಕೊಳ್ಳಲು ಹೊರಡುತ್ತದೆಯೇ ಹೊರತು ನಾವು ಕೊಟ್ಟ ಪಾಠವನ್ನಲ್ಲ. ಫಾಕ್ ಮತ್ತು ಅವರ ಸಂಗಡಿಗರು 1978ರಲ್ಲೇ ಇದನ್ನು ಕಾಡಿನ ಪರಿಸರದಲ್ಲಿ ಪರೀಕ್ಷಿಸಿ ನೋಡಿದ್ದರು: ಅಂಥ ಪರಿಸರ ಪರಿಚಿತವಾಗಿದ್ದ ಮಕ್ಕಳು ಕೊಟ್ಟ ಚಟುವಟಿಕೆಯಿಂದ ಕಲಿತರು, ಅಪರಿಚಿತವಾಗಿದ್ದ ಮಕ್ಕಳ ಗಮನ ಸುತ್ತಲಿನ ಹೊಸತನದಲ್ಲೇ ಕಳೆದುಹೋಯಿತು. ಇಸ್ರೇಲಿನ ನಿರ್ ಓರಿಯನ್ ಮತ್ತು ಅವಿ ಹಾಫ್‌ಸ್ಟೈನ್ 1994ರಲ್ಲಿ ಈ ಹೊಸತನವನ್ನು ಮೂರಾಗಿ ಬಿಡಿಸಿದರು. ಅಲ್ಲಿ ಬೇಕಾಗುವ ವಿಷಯಜ್ಞಾನ ಮತ್ತು ಕೌಶಲ ಹೊಸದಾಗಿರಬಹುದು, ಜಾಗವೇ ಹೊಸದಾಗಿರಬಹುದು, ಇಂಥ ಸಂಚಾರದಲ್ಲಿ ಏನಾಗುತ್ತದೆ ಎಂಬ ಮನಸ್ಸಿನ ನಿರೀಕ್ಷೆ ಹೊಸದಾಗಿರಬಹುದು. ಅವರು ನೋಡಿದ್ದು ಪ್ರೌಢಶಾಲೆಯ ಮಕ್ಕಳನ್ನಾದರೂ, ಚಿಕ್ಕ ಮಕ್ಕಳಲ್ಲಿ ಈ ಮೂರೂ ಇನ್ನಷ್ಟು ಎದ್ದು ಕಾಣುತ್ತವೆ.

ಹೊರಡುವ ಹಿಂದಿನ ಎರಡು ಮೂರು ದಿನಗಳಲ್ಲಿ ಈ ಮೂರನ್ನೂ ತಗ್ಗಿಸಬಹುದು. ಮುನ್ಭೇಟಿಯಲ್ಲಿ ತೆಗೆದ ಚಿತ್ರಗಳನ್ನು ತೋರಿಸಿ, ಕಪ್ಪುಹಲಗೆಯ ಮೇಲೆ ದಾರಿಯ ನಕ್ಷೆಯನ್ನು ಬರೆದು, ಎಷ್ಟು ಹೊತ್ತಿಗೆ ಎಲ್ಲಿರುತ್ತೇವೆ ಎಂಬುದನ್ನು ಹೇಳಬೇಕು. ಮಕ್ಕಳ ಮನಸ್ಸಿನಲ್ಲಿರುವ ಪ್ರಶ್ನೆಗಳು ನಮ್ಮವಲ್ಲ: ಬುತ್ತಿ ಯಾವಾಗ ಬಿಚ್ಚುತ್ತೇವೆ, ಯಾರ ಪಕ್ಕದಲ್ಲಿ ಕೂರುತ್ತೇವೆ, ಶೌಚಾಲಯ ಎಲ್ಲಿದೆ, ನಾಯಿ ಇದೆಯೇ, ಕೊಳ್ಳಲು ಏನಾದರೂ ಸಿಗುತ್ತದೆಯೇ. ಇವಕ್ಕೆ ಮೊದಲೇ ಉತ್ತರ ಸಿಕ್ಕಿದ ಮಗು ಅಲ್ಲಿ ಹೋದ ಮೇಲೆ ಇವನ್ನೇ ಚಿಂತಿಸುತ್ತ ನಿಲ್ಲುವುದಿಲ್ಲ.

ಉಪಕರಣಗಳ ಅಭ್ಯಾಸವೂ ತರಗತಿಯಲ್ಲೇ ಮುಗಿಯಬೇಕು. ಭೂತಗನ್ನಡಿಯನ್ನು ಕೊಟ್ಟು ನೋಡಿ: ಹೆಚ್ಚಿನ ಮಕ್ಕಳು ಅದನ್ನು ವಸ್ತುವಿನ ಹತ್ತಿರ ಹಿಡಿದು, ತಲೆಯನ್ನು ದೂರವಿಟ್ಟುಕೊಂಡು, ಮಸುಕಾಗಿ ಕಾಣುತ್ತದೆ ಎನ್ನುತ್ತಾರೆ. ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು, ಎಲೆಯನ್ನೋ ಹರಳನ್ನೋ ನಿಧಾನವಾಗಿ ಅದರ ಕಡೆಗೆ ತರುತ್ತ ಹೋದರೆ, ಒಂದು ಹಂತದಲ್ಲಿ ಎಲೆಯ ನರಗಳು ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಮೂಡುತ್ತವೆ. ಮಗು ಸಣ್ಣಗೆ ಉದ್ಗರಿಸುವುದು ಆಗಲೇ. ಆ ಉದ್ಗಾರ ತರಗತಿಯಲ್ಲಿ ಆಗಿಹೋದರೆ ಹೊರಗೆ ಹೋದಾಗ ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಭೂತಗನ್ನಡಿಯಿಂದ ಸೂರ್ಯನನ್ನು ಎಂದಿಗೂ ನೋಡಬಾರದು ಎಂಬ ಎಚ್ಚರಿಕೆಯನ್ನು ಅಂದೇ ಕೊಡಬೇಕು. ಅಳತೆಪಟ್ಟಿಯ ಸೊನ್ನೆ ಎಲ್ಲಿಂದ ಆರಂಭವಾಗುತ್ತದೆ, ರಟ್ಟಿನ ಮೇಲೆ ಹಾಳೆಯನ್ನು ಹೇಗೆ ಸಿಕ್ಕಿಸಿ ನಿಂತುಕೊಂಡೇ ಬರೆಯಬೇಕು, ಅಪರಿಚಿತ ಹಿರಿಯರನ್ನು ಹೇಗೆ ಪ್ರಶ್ನೆ ಕೇಳಬೇಕು ಎಂಬುದಕ್ಕೂ ಒಂದೊಂದು ಸಲ ಅಭ್ಯಾಸ ಬೇಕು. ಕೊನೆಯದಕ್ಕೆ ಪಕ್ಕದ ತರಗತಿಯ ಶಿಕ್ಷಕರನ್ನು ಅಂಚೆಯಣ್ಣನಂತೆ ಕೂರಿಸಿಕೊಂಡು ಸಂದರ್ಶನದ ಆಟ ಆಡಿಸಿದರೆ ಸಾಕು.

ಹೊರಡುವ ಮುನ್ನ ಮಕ್ಕಳಿಂದ ಒಂದು ಊಹೆಯನ್ನು ಬರೆಸಿಕೊಳ್ಳುವುದನ್ನು ಮರೆಯಬಾರದು. ಬರೆಯಲಾರದ ಒಂದನೆಯ ತರಗತಿಯವರು ಚಿತ್ರ ಬಿಡಿಸಲಿ. ಈ ಹಾಳೆಗಳನ್ನು ತಿದ್ದದೆ ಕಪಾಟಿನಲ್ಲಿ ಇಡಬೇಕು. ಅವುಗಳ ಕೆಲಸ ಆಮೇಲೆ ಇದೆ.

ಅನುಮತಿ ಮತ್ತು ಸುರಕ್ಷತೆ

ಶಾಲೆಯ ಆಡಳಿತದ ಒಪ್ಪಿಗೆ, ಹೋಗುವ ಜಾಗದವರ ಲಿಖಿತ ಒಪ್ಪಿಗೆ, ಪ್ರತಿ ಮಗುವಿನ ಪಾಲಕರ ಸಹಿ, ಇವಿಲ್ಲದೆ ಗೇಟು ದಾಟಬಾರದು. ಪಾಲಕರಿಗೆ ಕಳಿಸುವ ಪತ್ರದಲ್ಲಿ ಹೊರಡುವ ಮತ್ತು ಮರಳುವ ಸಮಯ, ಮಗು ತರಬೇಕಾದ ವಸ್ತುಗಳು, ತರಬಾರದ ವಸ್ತುಗಳು ಇದ್ದಂತೆಯೇ, ಯಾವ ಪಾಠದ ಯಾವ ಪ್ರಶ್ನೆಗಾಗಿ ಹೋಗುತ್ತಿದ್ದೇವೆ ಎಂಬ ಒಂದು ವಾಕ್ಯವೂ ಇರಲಿ. ಆ ವಾಕ್ಯವನ್ನು ಓದಿದ ಮನೆಯವರು ಸಂಜೆ ಮಗುವನ್ನು ‘ಮಜಾ ಬಂತಾ?’ ಎಂದಷ್ಟೇ ಕೇಳಿ ಬಿಡುವುದಿಲ್ಲ. ಉಬ್ಬಸ, ಅಲರ್ಜಿ, ನಿತ್ಯದ ಔಷಧಿ, ವಾಹನದಲ್ಲಿ ವಾಂತಿಯಾಗುವ ಅಭ್ಯಾಸ ಮುಂತಾದವನ್ನು ಅದೇ ಪತ್ರದ ಕೆಳಗೆ ಬರೆದು ಕಳಿಸುವಂತೆ ಕೇಳಿಕೊಳ್ಳಬೇಕು.

ಜೊತೆಯಲ್ಲಿ ಎಷ್ಟು ಹಿರಿಯರಿರಬೇಕು ಎಂಬುದನ್ನು ನಿಮ್ಮ ಇಲಾಖೆಯ ನಿಯಮ ಹೇಳಿದ್ದರೆ ಅದೇ ಅಂತಿಮ. ಒಂದು ಅಳತೆ ಬೇಕೆಂದರೆ, ಇಂಗ್ಲೆಂಡಿನ ಶಿಕ್ಷಣ ಇಲಾಖೆ 1998ರ ಮಾರ್ಗದರ್ಶಿಯಲ್ಲಿ ಮೊದಲ ಮೂರು ತರಗತಿಗಳಿಗೆ 6 ಮಕ್ಕಳಿಗೆ ಒಬ್ಬ ಹಿರಿಯರನ್ನೂ, ಮುಂದಿನ ಮೂರು ತರಗತಿಗಳಿಗೆ 10ರಿಂದ 15 ಮಕ್ಕಳಿಗೆ ಒಬ್ಬರನ್ನೂ ಸೂಚಿಸಿತ್ತು. ನೀರಿನ ಬದಿ, ಜನಸಂದಣಿ ಅಥವಾ ಯಂತ್ರಗಳಿರುವ ಕಡೆ ಇದಕ್ಕಿಂತ ಹೆಚ್ಚು ಜನ ಬೇಕು. ಜೊತೆಗೆ ಬರುವ ಪಾಲಕರಿಗೆ ಅವರ ಗುಂಪಿನ ಮಕ್ಕಳ ಹೆಸರಿರುವ ಚೀಟಿಯನ್ನೂ ಅಂದಿನ ಪ್ರಶ್ನೆಯನ್ನೂ ಮೊದಲೇ ಕೊಟ್ಟು, ಮಕ್ಕಳ ಪರವಾಗಿ ಉತ್ತರವನ್ನು ತಾವೇ ಹೇಳಿಕೊಡಬಾರದೆಂದು ನಗುನಗುತ್ತಲೇ ಆದರೆ ಸ್ಪಷ್ಟವಾಗಿ ತಿಳಿಸಬೇಕು. ಹೊರಡುವಾಗ, ವಾಹನ ಹತ್ತುವಾಗ, ಇಳಿದಾಗ, ಜಾಗ ಬದಲಿಸುವಾಗ, ಪ್ರತಿ ಸಲವೂ ತಲೆ ಎಣಿಕೆ ಆಗಬೇಕು, ಎಣಿಸುವವರು ಇಡೀ ದಿನ ಒಬ್ಬರೇ ಆಗಿರಬೇಕು. ಮಗುವಿನ ಜೇಬಿನಲ್ಲಿ ಶಾಲೆಯ ದೂರವಾಣಿ ಸಂಖ್ಯೆಯ ಚೀಟಿ ಇರಲಿ, ಆದರೆ ಎದೆಯ ಮೇಲೆ ಹೆಸರಿನ ಪಟ್ಟಿ ಬೇಡ. ಹೆಸರು ಹಿಡಿದು ಕರೆದ ಅಪರಿಚಿತರನ್ನು ಚಿಕ್ಕ ಮಕ್ಕಳು ಬಲ್ಲವರೆಂದು ನಂಬಿಬಿಡುತ್ತಾರೆ.

ನಡೆಯಲು ಕಷ್ಟವಿರುವ, ಕಣ್ಣು ಅಥವಾ ಕಿವಿಯ ತೊಂದರೆಯಿರುವ, ಗದ್ದಲಕ್ಕೆ ಬೆದರುವ ಮಗು ತರಗತಿಯಲ್ಲಿದ್ದರೆ ಅದಕ್ಕೆ ತಕ್ಕ ಜಾಗವನ್ನು ಆರಿಸಿಕೊಳ್ಳಬೇಕೇ ವಿನಾ ಮಗುವನ್ನು ಶಾಲೆಯಲ್ಲಿ ಬಿಟ್ಟುಹೋಗಬಾರದು. ಹಾಗೆಯೇ, ಹಣ ಕೊಡಲಾರದ ಕಾರಣಕ್ಕೆ ಒಂದು ಮಗು ಹಿಂದೆ ಉಳಿಯುವುದಾದರೆ ಆ ಸಂಚಾರ ಪಾಠದ ಭಾಗವೆನಿಸುವುದಿಲ್ಲ, ಏಕೆಂದರೆ ಪಾಠಕ್ಕೆ ಟಿಕೆಟ್ಟಿರಬಾರದು.

ಹೋದ ದಿನ

ಜಾಗ ತಲಪಿದ ಮೊದಲ ಹತ್ತು ನಿಮಿಷ ಮಕ್ಕಳನ್ನು ಅವರ ಪಾಡಿಗೆ ಬಿಡಬೇಕು. ಗೊತ್ತುಮಾಡಿದ ಗಡಿಯೊಳಗೆ ಅವರು ಓಡಾಡಲಿ, ಬೆರಳು ತೋರಲಿ, ಕೂಗಲಿ. ಎಷ್ಟೇ ಸಿದ್ಧತೆ ಮಾಡಿದರೂ ಉಳಿಯುವ ಹೊಸತನದ ಕುತೂಹಲ ಆ ಹೊತ್ತಿನಲ್ಲಿ ತಣಿಯುತ್ತದೆ. ಅನಂತರ ಐದಾರು ಮಕ್ಕಳ ಗುಂಪುಗಳಾಗಿ ಕೆಲಸ ಆರಂಭವಾಗಲಿ. ಅಳೆಯುವವರು, ಬರೆಯುವವರು, ಚಿತ್ರಿಸುವವರು, ಪ್ರಶ್ನೆ ಕೇಳುವವರು ಎಂದು ಹಂಚಿಕೊಟ್ಟರೆ ಬಾಯಿ ಜೋರಿರುವ ಒಬ್ಬರೇ ಎಲ್ಲವನ್ನೂ ಮಾಡುವುದು ತಪ್ಪುತ್ತದೆ.

ಬಿಟ್ಟ ಸ್ಥಳ ತುಂಬುವ ಮುದ್ರಿತ ಹಾಳೆಗಳ ಬಗ್ಗೆ ಒಂದು ತಕರಾರನ್ನು ಇಲ್ಲಿ ದಾಖಲಿಸಬೇಕು. ವಸ್ತುಸಂಗ್ರಹಾಲಯದಲ್ಲಿ ಅಂಥ ಹಾಳೆ ಹಿಡಿದ ಮಕ್ಕಳನ್ನು ಗಮನಿಸಿದರೆ, ಅವರ ಕಣ್ಣು ವಸ್ತುವಿನ ಮೇಲೆ ನಿಲ್ಲದೆ ಪಕ್ಕದ ಫಲಕದ ಮೇಲೆ ಓಡುತ್ತಿರುತ್ತದೆ. ಬೇಕಾದ ಪದ ಸಿಕ್ಕಿತೆಂದರೆ ಮುಂದಿನ ಪೆಟ್ಟಿಗೆಗೆ ಓಟ. ಇಪ್ಪತ್ತು ಪ್ರಶ್ನೆಗಳ ಹಾಳೆಗಿಂತ ಮೂರೇ ಕೆಲಸಗಳಿರುವ ಖಾಲಿ ಹಾಳೆ ಮೇಲು: ಒಂದು ವಸ್ತುವನ್ನು ನೋಡಿಕೊಂಡು ಚಿತ್ರಿಸಿ ಅದರ ಭಾಗಗಳನ್ನು ಗುರುತಿಸು, ಒಂದನ್ನು ಎಣಿಸು ಅಥವಾ ಅಳೆ, ಉತ್ತರ ಸಿಗದ ಒಂದು ಪ್ರಶ್ನೆಯನ್ನು ಬರೆ. ಚಿತ್ರ ಬಿಡಿಸುವುದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ ಎಂದು ಚಡಪಡಿಸಬೇಕಾಗಿಲ್ಲ, ಏಕೆಂದರೆ ಇರುವೆಗೆ ಎಷ್ಟು ಕಾಲು ಮತ್ತು ಆ ಕಾಲುಗಳು ದೇಹದ ಯಾವ ಭಾಗದಿಂದ ಹೊರಡುತ್ತವೆ ಎಂಬುದು ಚಿತ್ರ ಬಿಡಿಸಲು ಕುಳಿತವರಿಗಷ್ಟೇ ಸಮಸ್ಯೆಯಾಗುತ್ತದೆ, ಮತ್ತು ಸಮಸ್ಯೆಯಾದಾಗಲೇ ಅವರು ಮತ್ತೊಮ್ಮೆ ಬಗ್ಗಿ ನೋಡುತ್ತಾರೆ.

ಬಯಲಿನಲ್ಲಿ ನೋಟವನ್ನು ಒಂದು ಕಡೆ ನಿಲ್ಲಿಸಲು ದಾರದ ಚೌಕ ಬಹಳ ಉಪಯುಕ್ತ. 4 ಮೀಟರಿಗಿಂತ ತುಸು ಉದ್ದದ ದಾರದ ತುದಿಗಳನ್ನು ಗಂಟು ಹಾಕಿ, ನಾಲ್ಕು ಕಡ್ಡಿಗಳಿಗೆ ಸುತ್ತಿ ನೆಲಕ್ಕೆ ಊರಿದರೆ 1 ಚದರ ಮೀಟರಿನ ಚೌಕವಾಗುತ್ತದೆ. ಒಂದು ಗುಂಪು ನೆರಳಿನಲ್ಲಿ, ಒಂದು ಬಿಸಿಲಿನಲ್ಲಿ, ಒಂದು ಜನ ತುಳಿದಾಡುವ ಕಾಲುದಾರಿಯ ಪಕ್ಕದಲ್ಲಿ ಚೌಕ ಹಾಕಿ, ಅದರೊಳಗೆ ಎಷ್ಟು ಬಗೆಯ ಸಸ್ಯಗಳಿವೆ ಎಂದು ಎಣಿಸಲಿ. ಹೆಸರು ಗೊತ್ತಿರಬೇಕಾಗಿಲ್ಲ; ‘ಗರಗಸದ ಅಂಚಿನ ಎಲೆಯದು’, ‘ನೆಲಕ್ಕೆ ಅಂಟಿಕೊಂಡದ್ದು’ ಎಂದು ಮಕ್ಕಳೇ ಹೆಸರಿಟ್ಟುಕೊಂಡರೆ ಎಣಿಕೆ ತಪ್ಪುವುದಿಲ್ಲ. ‘ಬರೀ ಹುಲ್ಲು’ ಎಂದು ಮುಖ ಸಿಂಡರಿಸಿದ ಗುಂಪೇ ಸ್ವಲ್ಪ ಹೊತ್ತಿನಲ್ಲಿ ಹುಲ್ಲಿನಲ್ಲೇ ಎಷ್ಟು ಬಗೆಯಿದೆ ಎಂದು ವಾದಕ್ಕೆ ನಿಂತಿರುತ್ತದೆ.

ಸಂಗ್ರಹಾಲಯಕ್ಕೋ ಹಳೆಯ ಕಟ್ಟಡಕ್ಕೋ ಹೋದಾಗ ಎಲ್ಲವನ್ನೂ ತೋರಿಸುವ ಆಸೆಯನ್ನು ಬಿಡಬೇಕು. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ 2011ರಲ್ಲಿ ತೆರೆದ ಕ್ರಿಸ್ಟಲ್ ಬ್ರಿಡ್ಜಸ್ ಕಲಾ ಸಂಗ್ರಹಾಲಯಕ್ಕೆ ಬರಲು ಬಯಸಿದ ಶಾಲೆಗಳು ಬಹಳವಾದಾಗ, ಸಂಶೋಧಕ ಜೇ ಗ್ರೀನ್ ಮತ್ತು ಸಂಗಡಿಗರು ಚೀಟಿ ಎತ್ತಿ ಕೆಲವು ಶಾಲೆಗಳಿಗೆ ಮೊದಲು ಅವಕಾಶ ಕೊಟ್ಟು, 123 ಶಾಲೆಗಳ 10,912 ಮಕ್ಕಳನ್ನು ಹೋಲಿಸಿ ನೋಡಿದರು. ಅಲ್ಲಿನ ಭೇಟಿಯಲ್ಲಿ ಸುಮಾರು ಒಂದು ಗಂಟೆಯಲ್ಲಿ ಐದೇ ಚಿತ್ರಗಳ ಮುಂದೆ ನಿಂತು ಮಾತುಕತೆ ನಡೆಯುತ್ತಿತ್ತು, ಮಾತಿನ ದಿಕ್ಕನ್ನು ಹೆಚ್ಚಾಗಿ ಮಕ್ಕಳೇ ನಿರ್ಧರಿಸುತ್ತಿದ್ದರು. ಅಂಥ ಒಂದು ಚಿತ್ರದಲ್ಲಿ ಗುಲಾಮಗಿರಿಯನ್ನು ವಿರೋಧಿಸಿದವರು ಮೇಪಲ್ ಮರದ ರಸದಿಂದ ಪಾಕ ತಯಾರಿಸುತ್ತಿದ್ದಾರೆ, ಏಕೆಂದರೆ ಸಕ್ಕರೆಯ ಉದ್ಯಮ ಗುಲಾಮರ ದುಡಿಮೆಯನ್ನು ಅವಲಂಬಿಸಿತ್ತು. ವಾರಗಳ ನಂತರ ಕೇಳಿದಾಗಲೂ ಆ ಚಿತ್ರವನ್ನು ನೋಡಿದ್ದ ಮಕ್ಕಳಲ್ಲಿ ಶೇಕಡಾ 88ರಷ್ಟು ಮಂದಿಗೆ ಇದು ತಿಳಿದಿತ್ತು. ಐದು ವಸ್ತುಗಳಿಗೆ ಒಂದು ಗಂಟೆ ಎಂಬ ಲೆಕ್ಕ ನಮ್ಮ ಭೇಟಿಗಳಿಗೂ ಹೊಂದುತ್ತದೆ. ಒಂದು ಮತ್ತು ಎರಡನೆಯ ತರಗತಿಗಳಿಗೆ ಎರಡೇ ವಸ್ತುಗಳು ಸಾಕು.

ಇಂಥ ಮಾತುಕತೆಯಲ್ಲಿ ಶಿಕ್ಷಕರು ಕೇಳಬೇಕಾದದ್ದು ಹೆಚ್ಚಿಲ್ಲ. ‘ಏನು ಕಾಣುತ್ತಿದೆ?’ ಎಂದು ಕೇಳಿ, ಉತ್ತರ ಬಂದಾಗ ‘ಯಾವುದನ್ನು ನೋಡಿ ಹಾಗೆ ಹೇಳಿದೆ?’ ಎಂದು ಕೇಳಿ, ಆಮೇಲೆ ಸುಮ್ಮನಿರಬೇಕು. ಆ ಮೌನ ಶಿಕ್ಷಕರಿಗೆ ಕಷ್ಟವಾದಷ್ಟು ಮಕ್ಕಳಿಗೆ ಆಗುವುದಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯುವ ಕೆಲಸವನ್ನು ಜೊತೆಗೆ ಬಂದ ಹಿರಿಯರೊಬ್ಬರಿಗೆ ವಹಿಸಿ, ಮಕ್ಕಳ ಸಾಲು ಸಾಲು ಗುಂಪುಚಿತ್ರಗಳಿಗಿಂತ ಅವರು ಅಳೆದ, ಎಣಿಸಿದ, ಬೆರಳಿಟ್ಟು ತೋರಿದ ವಸ್ತುಗಳ ಚಿತ್ರವನ್ನು ತೆಗೆಯಲು ಹೇಳಬೇಕು.

ಹೊರಡುವ ಮೊದಲು, ಅಲ್ಲೇ ನೆರಳಿನಲ್ಲಿ ಕುಳಿತು ಪ್ರತಿ ಗುಂಪೂ ತಾನು ಕಂಡದ್ದರಲ್ಲಿ ಒಂದನ್ನು ಹೇಳಲಿ. ವಾಹನ ಹತ್ತಿದ ಮೇಲೆ ಇದು ಆಗದ ಮಾತು. ಅರ್ಧ ಜನ ನಿದ್ದೆ, ಇನ್ನರ್ಧ ಹಾಡು.

ಮರಳಿದ ಮೇಲೆ

ಹೆಚ್ಚಿನ ಸಂಚಾರಗಳು ಸೋಲುವುದು ಇಲ್ಲಿ. ಮರುದಿನ ‘ನಮ್ಮ ಪ್ರವಾಸ’ ಎಂಬ ಪ್ರಬಂಧ ಬರೆಸಿದರೆ, ಎಷ್ಟು ಗಂಟೆಗೆ ಹೊರಟೆವು, ಏನು ತಿಂದೆವು, ಎಷ್ಟು ಗಂಟೆಗೆ ಮರಳಿದೆವು ಎಂಬ ಒಂದೇ ಬಗೆಯ ಹಾಳೆಗಳು ಮೇಜಿನ ಮೇಲೆ ಬೀಳುತ್ತವೆ. ಅದರ ಬದಲು, ಕಪಾಟಿನಲ್ಲಿಟ್ಟ ಊಹೆಯ ಹಾಳೆಗಳನ್ನು ಮಕ್ಕಳಿಗೆ ಹಿಂದಿರುಗಿಸಿ, ಎಲ್ಲಿ ಸರಿಯಿತ್ತು, ಎಲ್ಲಿ ಬದಲಾಯಿತು ಎಂಬುದನ್ನು ಬೇರೆ ಬಣ್ಣದಲ್ಲಿ ತಾವೇ ಬರೆದುಕೊಳ್ಳುವಂತೆ ಹೇಳಬೇಕು. ಮಗು ಏನನ್ನು ಕಲಿತಿದೆ ಎಂಬುದಕ್ಕೆ ಶಿಕ್ಷಕರಿಗೆ ಸಿಗುವ ನಂಬಲರ್ಹವಾದ ದಾಖಲೆಯೂ ಇದೇ. ಇದಕ್ಕಾಗಿ ಬೇರೆ ಪರೀಕ್ಷೆ ಬೇಡ.

ಫ್ರಾನ್ಸಿನ ಹಳ್ಳಿಶಾಲೆಯ ಶಿಕ್ಷಕ ಸೆಲೆಸ್ಟಿನ್ ಫ್ರೇನೆ 1920ರ ದಶಕದಲ್ಲಿ ಮಕ್ಕಳನ್ನು ಸುತ್ತಲಿನ ಹೊಲ, ಕಾರ್ಯಾಗಾರಗಳಿಗೆ ನಡೆಸಿಕೊಂಡು ಹೋಗಿ, ಮರಳಿದ ಮೇಲೆ ಮಕ್ಕಳ ಬಾಯಿಂದಲೇ ಬಂದ ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಅದನ್ನೇ ಓದಿನ ಪಾಠವನ್ನಾಗಿ ಮಾಡುತ್ತಿದ್ದರು; ಮುಂದೆ ತರಗತಿಯಲ್ಲಿ ಒಂದು ಚಿಕ್ಕ ಮುದ್ರಣ ಯಂತ್ರವನ್ನಿಟ್ಟು ಆ ಬರಹಗಳನ್ನು ಮಕ್ಕಳಿಂದಲೇ ಅಚ್ಚು ಹಾಕಿಸಿದರು. ಓದಲು ಕಲಿಯುತ್ತಿರುವ ತರಗತಿಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ತಿಳಿದಿಲ್ಲ. ಮಕ್ಕಳು ಹೇಳಿದ ಆರೇಳು ವಾಕ್ಯಗಳನ್ನು ತಿದ್ದಿ ಸುಂದರಗೊಳಿಸದೆ, ಅವರ ಮಾತಿನಂತೆಯೇ ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಹಚ್ಚಿದರೆ, ಅಕ್ಷರ ತಡವರಿಸುವ ಮಗುವೂ ತಾನು ಹೇಳಿದ ವಾಕ್ಯವನ್ನು ಹುಡುಕಿ ಓದುತ್ತದೆ.

ಗಣಿತಕ್ಕೂ ಅಲ್ಲಿಂದಲೇ ಸರಕು ಸಿಗುತ್ತದೆ. ದಾರದ ಚೌಕಗಳ ಎಣಿಕೆ ಮೂರನೆಯ ತರಗತಿಯವರಿಗೆ ಕಂಬನಕ್ಷೆಯಾಗುತ್ತದೆ. ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ ಅಳೆದ ಮರಗಳ ಸುತ್ತಳತೆಗಳನ್ನು ನಾಲ್ಕನೆಯವರು ಏರಿಕೆಯ ಕ್ರಮದಲ್ಲಿ ಜೋಡಿಸಬಹುದು. ಐದನೆಯ ತರಗತಿಯವರು ನೆರಳಿನ ಅಳತೆಯಿಂದ ಮರದ ಎತ್ತರವನ್ನೇ ಕಂಡುಹಿಡಿಯಬಹುದು: 1 ಮೀಟರ್ ಕೋಲಿನ ನೆರಳು 80 ಸೆಂಟಿಮೀಟರ್ ಇದ್ದ ಅದೇ ಹೊತ್ತಿನಲ್ಲಿ, ಸಮತಟ್ಟಾದ ನೆಲದ ಮೇಲೆ ಮರದ ನೆರಳು 8 ಮೀಟರ್ ಇದ್ದರೆ, ಮರದ ಎತ್ತರ 10 ಮೀಟರ್. ಎರಡು ಗುಂಪುಗಳಿಗೆ ಬೇರೆ ಬೇರೆ ಉತ್ತರ ಬಂದರೆ, ಅವರು ನೆರಳನ್ನು ಅಳೆದ ಹೊತ್ತುಗಳು ಬೇರೆಯಾಗಿದ್ದವೇ ಎಂದು ಮೊದಲು ಕೇಳಬೇಕು.

ಧನ್ಯವಾದದ ಪತ್ರ ಬರೆಸುವಾಗ, ‘ತುಂಬಾ ಚೆನ್ನಾಗಿತ್ತು’ ಎಂಬ ಮಾತನ್ನು ಬಳಸದೆ, ತಾನು ಅಲ್ಲಿ ಕಂಡ ಒಂದು ನಿರ್ದಿಷ್ಟ ಸಂಗತಿಯನ್ನೂ ಉಳಿದುಹೋದ ಒಂದು ಪ್ರಶ್ನೆಯನ್ನೂ ಬರೆಯಬೇಕೆಂದು ಹೇಳಿದರೆ, ಅದು ಭಾಷೆಯ ಪಾಠವೂ ಆಗುತ್ತದೆ, ಹೆಚ್ಚಿನ ಸಲ ಅದಕ್ಕೆ ಉತ್ತರವೂ ಬರುತ್ತದೆ. ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಒಂದು ಪಟ್ಟಿಯಾಗಿ ಗೋಡೆಯ ಮೇಲಿಟ್ಟು, ಅವುಗಳಲ್ಲಿ ಎರಡನೆಯ ಭೇಟಿಗೆ ಅರ್ಹವಾದದ್ದು ಯಾವುದು ಎಂಬುದನ್ನು ಮಕ್ಕಳೇ ಆರಿಸಲಿ. ಎರಡನೆಯ ಭೇಟಿಯನ್ನು ಮೂರು ನಾಲ್ಕು ವಾರಗಳ ಅಂತರದಲ್ಲಿ, ಸಾಧ್ಯವಾದರೆ ಋತು ಬದಲಾದ ಮೇಲೆ ಇಟ್ಟುಕೊಂಡರೆ, ಅದೇ ಚೌಕದಲ್ಲಿ ಬೇರೆಯೇ ಸಸ್ಯಗಳು ಕಾಣುತ್ತವೆ, ಮತ್ತು ಈ ಸಲ ಜಾಗದ ಗಾಬರಿ ಇಲ್ಲದಿರುವುದರಿಂದ ಮಕ್ಕಳು ಗೇಟು ದಾಟುತ್ತಿದ್ದಂತೆ ಕೆಲಸಕ್ಕೆ ಇಳಿಯುತ್ತಾರೆ.

ಕೊನೆಯ ಕೆಲಸ ಶಿಕ್ಷಕರದು. ಒಂದು ಕಡತದಲ್ಲಿ ಜಾಗದ ನಕ್ಷೆ, ಮಾತನಾಡಿದವರನ್ನು ಸಂಪರ್ಕಿಸುವ ಬಗೆ, ಹಿಡಿದ ಸಮಯ, ಕೆಲಸ ಮಾಡಿದ ಪ್ರಶ್ನೆ, ಮಾಡದ ಪ್ರಶ್ನೆ, ಮಕ್ಕಳು ಬೇಸತ್ತ ಜಾಗ ಮತ್ತು ನಾವು ಎಣಿಸಿರದ ಕಡೆ ಅವರು ನಿಂತುಬಿಟ್ಟ ಜಾಗ, ಇವನ್ನು ಅದೇ ವಾರ ಬರೆದಿಡಬೇಕು. ಮುಂದಿನ ವರ್ಷ ಆ ತರಗತಿಗೆ ಬರುವ ಶಿಕ್ಷಕರು ಮುನ್ಭೇಟಿಗೆ ಹೊರಡುವಾಗ ಮೊದಲು ತೆರೆಯುವುದು ಆ ಕಡತವನ್ನೇ.